ಕಡಲದಂಡೆಯ ನಾಣ್ಯಕ್ಕೆ ಯಾವುದು, ಹಳೇ ಹಿತ್ತಲಿಗೆ ಯಾವುದು: ಮೆಟಲ್ ಡಿಟೆಕ್ಟರ್ ಆರಿಸುವ ಬಗೆ

ಮೆಟಲ್ ಡಿಟೆಕ್ಟರಿನಲ್ಲಿ ‘ಕಾಯಿನ್ ಮೋಡ್’ ಇದೆ ಎಂದರೆ, ಅದು ಯಾವ ದೇಶದ ನಾಣ್ಯಕ್ಕೆ ಎಂದು ಮೊದಲು ಕೇಳಬೇಕು. ಒಳ್ಳೆಯ ಯಂತ್ರಗಳು ಹೆಚ್ಚಾಗಿ ಅಮೆರಿಕ, ಆಸ್ಟ್ರೇಲಿಯಾ, ಟರ್ಕಿ, ಫ್ರಾನ್ಸಿನ ಕಂಪನಿಗಳವು. ಅವರ ಕಾಯಿನ್ ಮೋಡ್ ಕಬ್ಬಿಣವನ್ನು ಕಸ ಎಂದು ತಿಳಿದು ಸುಮ್ಮನಾಗುತ್ತದೆ. ನಮ್ಮಲ್ಲಿ 1992ರಿಂದ ಬಂದ 1 ರೂಪಾಯಿ ಮತ್ತು 2005ರಿಂದ ಬಂದ 2 ರೂಪಾಯಿ ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲಿನವು, ಅಯಸ್ಕಾಂತಕ್ಕೆ ಅಂಟುತ್ತವೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಆ ಮೋಡ್ ಹಾಕಿಕೊಂಡು ಇಡೀ ಬೆಳಗು ನಡೆದರೂ, ಪ್ರವಾಸಿಗರ ಜೇಬಿನಿಂದ ಬಿದ್ದ ಚಿಲ್ಲರೆಯಲ್ಲಿ ದೊಡ್ಡ ಪಾಲು ಕಾಲಡಿಯಲ್ಲೇ ಉಳಿದುಬಿಡಬಹುದು.

ಆದ್ದರಿಂದ ನಾಣ್ಯಕ್ಕಾಗಿ ಕೊಳ್ಳುವವರು ನೋಡಬೇಕಾದ ಮೊದಲ ಗುಣ ಆಳವಲ್ಲ. ಪರದೆಯ ಮೇಲೆ ಪ್ರತಿ ಲೋಹಕ್ಕೂ ಒಂದು ಸಂಖ್ಯೆ ಬರಬೇಕು, ಯಾವ ಸಂಖ್ಯೆಗೆ ಸದ್ದು ಮಾಡಬೇಕು, ಯಾವುದಕ್ಕೆ ಬೇಡ ಎಂಬುದನ್ನು ನೀವೇ ಗೊತ್ತುಮಾಡುವಂತಿರಬೇಕು. ಇದಕ್ಕೆ ನಾಚ್ ಎನ್ನುತ್ತಾರೆ. ಮೂರೇ ಗುಂಡಿಯ ಅಗ್ಗದ ಯಂತ್ರದಲ್ಲಿ ಇದು ಇರುವುದಿಲ್ಲ. ಯಂತ್ರ ಮನೆಗೆ ಬಂದ ದಿನವೇ ಒಂದೊಂದು ನಾಣ್ಯವನ್ನೂ ಒಣ ಮರಳಿನಲ್ಲಿ 10 ಸೆಂಟಿಮೀಟರ್ ಆಳಕ್ಕೆ ಹೂತು, ಕಾಯಿಲನ್ನು, ಅಂದರೆ ಕೋಲಿನ ತುದಿಯಲ್ಲಿರುವ ತಟ್ಟೆಯನ್ನು, ಅಡ್ಡ ಮತ್ತು ಉದ್ದ ಎರಡೂ ದಿಕ್ಕಿನಲ್ಲಿ ಆಡಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಸ್ಟೀಲಿನ ನಾಣ್ಯದ ಸಂಖ್ಯೆ ನಿಲ್ಲದೆ ಕುಣಿಯುತ್ತದೆ. ಚಪ್ಪಟೆ ಮಲಗಿದಾಗ ಒಂದು, ಓರೆ ನಿಂತಾಗ ಇನ್ನೊಂದು. 10 ರೂಪಾಯಿಯ ಹೊರಬಳೆ ಅಲ್ಯುಮಿನಿಯಂ ಕಂಚು, 20 ರೂಪಾಯಿಯಲ್ಲಿ ಹೊರಗೆ ನಿಕ್ಕಲ್ ಸಿಲ್ವರ್, ಒಳಗೆ ನಿಕ್ಕಲ್ ಹಿತ್ತಾಳೆ. ಇವೆರಡರ ಗುರುತು ಸ್ಟೀಲಿಗಿಂತ ಸುಲಭ. ಹಳೆಯ ಅಲ್ಯುಮಿನಿಯಂ 5, 10, 20 ಪೈಸೆಗಳು ಮಾತ್ರೆಯ ಪಟ್ಟಿ, ತಂಪುಪಾನೀಯದ ಡಬ್ಬಿಯ ಚೂರುಗಳ ಸಂಖ್ಯೆಯ ಹತ್ತಿರವೇ ಕೂರುತ್ತವೆ. ಅವು ಬೇಕೆಂದರೆ ಆ ಕಸವನ್ನೂ ಅಗೆಯಲೇಬೇಕು, ಬೇರೆ ದಾರಿಯಿಲ್ಲ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತದೆ. ಅದರ ಸಂಖ್ಯೆ ಮೇಲ್ತುದಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. 1947ರ ರೂಪಾಯಿ ಮಾತ್ರ ಬೆಳ್ಳಿಯಲ್ಲ, ಶುದ್ಧ ನಿಕ್ಕಲ್. ಅಯಸ್ಕಾಂತಕ್ಕೆ ಅಂಟುವುದರಿಂದ ಅದೂ ಯಂತ್ರವನ್ನು ಗಲಿಬಿಲಿಗೊಳಿಸುತ್ತದೆ.

ಇನ್ನು ನೆಲದ ಮಾತು. ಉತ್ತರ ಕನ್ನಡದಲ್ಲಿ ಎರಡು ನೆಲ, ಎರಡು ತೊಂದರೆ. ಕಡಲ ಒದ್ದೆ ಮರಳಿನಲ್ಲಿರುವ ಉಪ್ಪು ತಾನೇ ವಿದ್ಯುತ್ ಹರಿಸುತ್ತದೆ. ಯಂತ್ರಕ್ಕೆ ಅದು ತೆಳು ಲೋಹದ ಹಾಳೆಯಂತೆ ಕೇಳುತ್ತದೆ. ಶಿರಸಿ, ಸಿದ್ದಾಪುರ, ಕುಮಟಾದ ಗುಡ್ಡಗಳ ಜಂಬಿಟ್ಟಿಗೆ ಮಣ್ಣಿನಲ್ಲಿರುವುದು ಕಬ್ಬಿಣದ ಆಕ್ಸೈಡ್, ಅದರ ತೊಂದರೆ ಕಾಂತದ್ದು. ಒಂದೇ ಫ್ರೀಕ್ವೆನ್ಸಿಯ ವಿಎಲ್‌ಎಫ್ (ಅತಿ ತಗ್ಗಿನ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುವ) ಯಂತ್ರವನ್ನು ಒಂದು ಸಲಕ್ಕೆ ಇವೆರಡರಲ್ಲಿ ಒಂದಕ್ಕೆ ಮಾತ್ರ ಹೊಂದಿಸಬಹುದು. ಉಪ್ಪಿಗೆ ಹೊಂದಿಸಿದರೆ, ಉಪ್ಪಿನಂತೆಯೇ ಸದ್ದು ಮಾಡುವ ತೆಳು ಉಂಗುರ, ಮೂಗುತಿ ಕೂಡ ಮಾಯವಾಗುತ್ತವೆ. ಒಟ್ಟೊಟ್ಟಿಗೆ ಹಲವು ಫ್ರೀಕ್ವೆನ್ಸಿ ಕಳಿಸುವ ಯಂತ್ರಗಳು ಎರಡನ್ನೂ ಹೋಲಿಸಿ ಕಳೆಯುತ್ತವೆ: ಮೈನ್‌ಲ್ಯಾಬ್ ವ್ಯಾಂಕ್ವಿಶ್ ಮತ್ತು ಇಕ್ವಿನಾಕ್ಸ್, ನೋಕ್ಟಾ ಲೆಜೆಂಡ್, ಎಕ್ಸ್‌ಪಿ ಡಿಯಸ್ 2 ಈ ಬಗೆಯವು. ಗ್ಯಾರೆಟ್ ಎಟಿ ಪ್ರೊ 15 ಕಿಲೋಹರ್ಟ್ಸ್, ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ 12 ಕಿಲೋಹರ್ಟ್ಸ್. ಎರಡೂ ನೀರಿಗಿಳಿಯಬಲ್ಲವು, ಆದರೆ ಒಂದೇ ಫ್ರೀಕ್ವೆನ್ಸಿಯವು. ನೀರು ತಡೆಯುವ ಯಂತ್ರವೆಲ್ಲ ಉಪ್ಪುನೀರು ತಡೆಯುವುದಿಲ್ಲ ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ.

ಹಾಗೆಂದು ಎಲ್ಲರೂ ಮಲ್ಟಿ ಫ್ರೀಕ್ವೆನ್ಸಿಗೆ ಹಣ ಸುರಿಯಬೇಕಿಲ್ಲ. ಜನ ಕೂರುವುದು, ಚಿಲ್ಲರೆ ಉದುರುವುದು ಉಬ್ಬರದ ಗೆರೆಯ ಮೇಲಿನ ಒಣ ಮರಳಿನಲ್ಲಿ. ಮುರುಡೇಶ್ವರದಲ್ಲಾಗಲಿ ಗೋಕರ್ಣದ ಕುಡ್ಲೆಯಲ್ಲಾಗಲಿ ಆ ಪಟ್ಟಿಗೆ ನಾಚ್ ಇರುವ ಸಾಧಾರಣ ವಿಎಲ್‌ಎಫ್ ಸಾಕು. ಒದ್ದೆ ಮರಳಿಗೆ, ಮೊಣಕಾಲು ನೀರಿಗೆ ಇಳಿಯುವುದಾದರೆ ಮಾತ್ರ ಮಲ್ಟಿ ಫ್ರೀಕ್ವೆನ್ಸಿ. ವ್ಯಾಂಕ್ವಿಶ್‌ನ ಕಾಯಿಲ್ ನೀರಲ್ಲಿ ಮುಳುಗಬಹುದು, ಮೇಲಿನ ಪೆಟ್ಟಿಗೆ ಮುಳುಗಬಾರದು. ಅಲೆಯಲ್ಲಿ ನಿಲ್ಲುವವರಿಗೆ ಇಕ್ವಿನಾಕ್ಸ್ ಅಥವಾ ಲೆಜೆಂಡ್ ಒಳ್ಳೆಯದು.

ಹಳೆಯ ವಸ್ತುಗಳ ಹುಡುಕಾಟಕ್ಕೆ ಬೇಕಾದ ಯಂತ್ರದ ಸ್ವಭಾವವೇ ಬೇರೆ. ಬಿದ್ದುಹೋದ ಮನೆಯ ಹಿತ್ತಲಲ್ಲಿ ಸಿಗುವುದು ಬೀಗ, ಬಾಗಿಲ ಚಿಲಕ, ಎತ್ತಿನ ಗಂಟೆ, ಹಿತ್ತಾಳೆ ಚೊಂಬಿನ ಕಂಠ, ತಾಮ್ರದ ಕೊಳಗದ ಚೂರು, ಕತ್ತಿ. ಇಲ್ಲಿ ಕಬ್ಬಿಣವೇ ದಾರಿ ತೋರಿಸುವುದು: ಮೊಳೆ ಒತ್ತೊತ್ತಾಗಿ ಸಿಕ್ಕಲ್ಲಿ ಮನೆಯಿತ್ತು. ಅದಕ್ಕಾಗಿ ಕಬ್ಬಿಣವನ್ನು ಮುಚ್ಚಿಹಾಕದೆ, ಅದಕ್ಕೆ ಒಂದು ತಗ್ಗಿನ ದನಿ, ಉಳಿದ ಲೋಹಕ್ಕೆ ಏರಿದ ದನಿ ಕೊಡುವ ಯಂತ್ರ ಬೇಕು. ಎಲ್ಲ ಲೋಹಕ್ಕೂ ಸದ್ದು ಮಾಡುವ ಆಲ್ ಮೆಟಲ್ ಮೋಡ್, ಮಣ್ಣಿನ ಸದ್ದನ್ನು ಕಳೆಯಲು ಕೈಯಿಂದ ಮಾಡುವ ಗ್ರೌಂಡ್ ಬ್ಯಾಲೆನ್ಸ್, ಒಂದು ಸದ್ದಿನಿಂದ ಮುಂದಿನದಕ್ಕೆ ಬೇಗ ಚೇತರಿಸಿಕೊಳ್ಳುವ ವೇಗ, ಈ ಮೂರರಲ್ಲಿ ಒಂದಿಲ್ಲದಿದ್ದರೂ ಕೊಳ್ಳಬೇಡಿ. ಚೇತರಿಕೆ ನಿಧಾನವಾದರೆ ಮೊಳೆಯ ಪಕ್ಕದಲ್ಲೇ ಇರುವ ಹಿತ್ತಾಳೆ ಗುಂಡಿ ಮೊಳೆಯ ಸದ್ದಿನೊಳಗೆ ಅಡಗಿಹೋಗುತ್ತದೆ.

ಕಾಯಿಲ್‌ನ ಆಯ್ಕೆಯೂ ಇದರಿಂದಲೇ ತೀರ್ಮಾನವಾಗುತ್ತದೆ. ಕಾನ್ಸೆಂಟ್ರಿಕ್ ಕಾಯಿಲ್ ನೆಲದೊಳಕ್ಕೆ ಶಂಕುವಿನಂತೆ ನೋಡುತ್ತದೆ. ಒಳ್ಳೆಯ ಮಣ್ಣಿನಲ್ಲಿ ಸಂಖ್ಯೆ ಸ್ಪಷ್ಟ, ಜಂಬಿಟ್ಟಿಗೆಯಲ್ಲಿ ಗದ್ದಲ. ಡಬಲ್ ಡಿ ಕಾಯಿಲ್ ಕತ್ತಿಯ ಅಲಗಿನಂತೆ ಸಪೂರಾಗಿ ನೋಡುವುದರಿಂದ ಒಂದು ಸಲಕ್ಕೆ ಕಡಿಮೆ ಮಣ್ಣನ್ನು ಕೇಳಿಸಿಕೊಳ್ಳುತ್ತದೆ. ನಮ್ಮ ಜಿಲ್ಲೆಗೆ ಡಬಲ್ ಡಿ ಬಿಟ್ಟು ಬೇರೆ ಯೋಚನೆ ಬೇಡ. ಮರಳಿಗೆ 10–11 ಇಂಚು, ಮೊಳೆ ತುಂಬಿದ ಹಿತ್ತಲಿಗೆ 5–6 ಇಂಚು. ದೊಡ್ಡ ಕಾಯಿಲ್ ಆಳ ಹೋಗುತ್ತದೆಂದು ಹಿತ್ತಲಿಗೆ 13 ಇಂಚಿನದು ಒಯ್ದರೆ ಒಂದೇ ಸಲಕ್ಕೆ ನಾಲ್ಕು ಮೊಳೆ ಕೂಗುತ್ತವೆ. ಒಳ್ಳೆಯ ನೆಲದಲ್ಲಿ ನಾಣ್ಯದ ಗಾತ್ರದ ವಸ್ತು ಹೆಚ್ಚುಕಡಿಮೆ ಕಾಯಿಲ್‌ನ ಅಗಲದಷ್ಟೇ ಆಳದಲ್ಲಿ ಸಿಗುತ್ತದೆ. ಕೆಂಪು ಮಣ್ಣಿನಲ್ಲಿ ಅದರ ಅರ್ಧವಾದರೂ ಸಿಕ್ಕರೆ ಯಂತ್ರ ಚೆನ್ನಾಗಿದೆ ಎಂದೇ ತಿಳಿಯಿರಿ.

ಬಿಟ್ಟುಬಿಟ್ಟು ವಿದ್ಯುತ್ ಮಿಡಿತ ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರಗಳು ಉಪ್ಪನ್ನೂ ಜಂಬಿಟ್ಟಿಗೆಯನ್ನೂ ಬಹುಮಟ್ಟಿಗೆ ಲೆಕ್ಕಕ್ಕಿಡದೆ ಆಳಕ್ಕೆ ಹೋಗುತ್ತವೆ. ಆದರೆ ಲೋಹಗಳ ಬೇಧ ಅವಕ್ಕೆ ತಿಳಿಯುವುದು ಕಡಿಮೆ. ದೋಣಿ ಎಳೆಯುವ ದಂಡೆಯಲ್ಲಿ ಪ್ರತಿ ಮೊಳೆಯನ್ನೂ ಅಗೆಯುವ ತಾಳ್ಮೆ ಇದ್ದವರಿಗಷ್ಟೇ ಅವು.

‘20 ಅಡಿ ಆಳದ ಬಂಗಾರ ತೋರಿಸುತ್ತದೆ’, ‘ನೂರು ಮೀಟರ್ ದೂರದಿಂದ ದಿಕ್ಕು ಹೇಳುತ್ತದೆ’ ಎಂದು ಆಂಟೆನಾ ಕಡ್ಡಿಯ ಜೊತೆ ಮಾರುವ ಉಪಕರಣಗಳು ಕೆಲಸ ಮಾಡುವುದಿಲ್ಲ. ಅವುಗಳ ಹಿಂದೆ ಕೆಲಸ ಮಾಡುವ ಭೌತಶಾಸ್ತ್ರವೇ ಇಲ್ಲ. ನಿಧಿಯಾಸೆಗೆ ಗುಡಿಯ ಪೀಠ ಕಿತ್ತ, ವೀರಗಲ್ಲು ಉರುಳಿಸಿದ ಹಾನಿ ಈ ರಾಜ್ಯದಲ್ಲಿ ಸಾಕಷ್ಟು ಆಗಿದೆ. ಅಂಥವನ್ನು ಮಾರುವವರೊಂದಿಗೆ ಮಾತೇ ಬೇಡ.

ಕಾನೂನು ಯಂತ್ರ ಕೊಳ್ಳುವ ಮುಂಚೆಯೇ ತಿಳಿದಿರಬೇಕು. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ನೆಲದೊಳಗೆ ಅಡಗಿದ್ದ, ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಜೈಲು ಶಿಕ್ಷೆಗೂ ಅವಕಾಶವಿದೆ. 1972ರ ಪುರಾವಸ್ತು ಕಾಯ್ದೆಯಲ್ಲಿ 100 ವರ್ಷ ದಾಟಿದ ನಾಣ್ಯವೂ ಪುರಾವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದ ಹೊರಗೆ ಸಾಗಿಸುವಂತಿಲ್ಲ. ಮಿರ್ಜಾನ ಕೋಟೆ, ಬನವಾಸಿಯ ಮಧುಕೇಶ್ವರ ದೇವಾಲಯದಂಥ ಸಂರಕ್ಷಿತ ಜಾಗಗಳ ಹತ್ತಿರಕ್ಕೂ ಯಂತ್ರ ಒಯ್ಯಬೇಡಿ. ಕಾಡಿನ ನೆಲ, ಕಾರವಾರದ ನೌಕಾನೆಲೆಯ ಸುತ್ತಮುತ್ತ ಕೂಡ ಬೇಡ. ಗೋಕರ್ಣದ ಕೋಟಿತೀರ್ಥಕ್ಕೆ ಭಕ್ತರು ಹಾಕಿದ ಕಾಸು ಕಳೆದುಹೋದ ಕಾಸಲ್ಲ. ಉಳಿಯುವುದು ಸಾರ್ವಜನಿಕ ಕಡಲತೀರ, ಅದೂ ಪಂಚಾಯತಿಯನ್ನೋ ಅಲ್ಲಿಯ ಜೀವರಕ್ಷಕರನ್ನೋ ಕೇಳಿಕೊಂಡು, ಮತ್ತು ಮಾಲೀಕರು ಒಪ್ಪಿದ ಖಾಸಗಿ ಜಾಗ. ದಂಡೆಯಲ್ಲಿ ಕಡಲಾಮೆ ಮೊಟ್ಟೆಯಿಡುವ ಚಳಿಗಾಲದ ತಿಂಗಳುಗಳಲ್ಲಿ ಉಬ್ಬರದ ಗೆರೆಯ ಮೇಲೆ ಮೆತ್ತಗೆ ಕೆದರಿದ ಮರಳು ಅಥವಾ ಅರಣ್ಯ ಇಲಾಖೆಯ ಬೇಲಿ ಕಂಡರೆ ಅಲ್ಲಿ ಸಲಾಕೆ ಊರಬೇಡಿ.

ಅಂಗಡಿಯಲ್ಲಿ ಅಥವಾ ಪೆಟ್ಟಿಗೆ ಬಿಚ್ಚಿದ ಮೇಲೆ ಪರೀಕ್ಷೆ ಹೀಗೆ. ಕಾಯಿಲನ್ನು ಮರದ ಮೇಜಿನ ಮೇಲೆ ಅಡ್ಡ ಮಲಗಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ದೂರವಿಡಿ. ಕಾಯಿಲ್‌ನ ಮುಂದೆ 10 ರೂಪಾಯಿ, 1 ರೂಪಾಯಿ, ಒಂದು ಚಿನ್ನದ ಉಂಗುರ, ಒಂದು ಮೊಳೆ ಸರದಿಯಲ್ಲಿ ಆಡಿಸಿ. ನಂತರ ಮೊಳೆ ಮತ್ತು ಉಂಗುರವನ್ನು 3 ಸೆಂಟಿಮೀಟರ್ ಅಂತರದಲ್ಲಿ ಹಿಡಿದು ಒಟ್ಟಿಗೆ ಆಡಿಸಿ. ಎರಡು ದನಿ ಬಿಡಿಬಿಡಿಯಾಗಿ ಕೇಳಿದರೆ ಹಿತ್ತಲಿಗೆ ಯಂತ್ರ ಯೋಗ್ಯ. ಗಾಳಿಯಲ್ಲಿ ತೋರುವ ಆಳವನ್ನು ನೆಲಕ್ಕೆ ಲೆಕ್ಕ ಹಾಕಬೇಡಿ.

ಕೆಲಸಕ್ಕೆ ಇಳಿದಾಗ ಮೊದಲು ಗ್ರೌಂಡ್ ಬ್ಯಾಲೆನ್ಸ್. ಲೋಹವಿಲ್ಲದ ತಾವು ಹುಡುಕಿ, ಕಾಯಿಲನ್ನು ನೆಲದಿಂದ 3 ಸೆಂಟಿಮೀಟರಿನಿಂದ 20 ಸೆಂಟಿಮೀಟರಿನವರೆಗೆ ಏಳೆಂಟು ಸಲ ಏರಿಳಿಸಿ, ಸದ್ದು ಏರದೆ ಇಳಿಯದೆ ನಿಲ್ಲುವವರೆಗೆ ಹೊಂದಿಸಿ. ಒಣ ಮರಳಿನಿಂದ ಒದ್ದೆಗೆ ದಾಟಿದರೆ, ಗದ್ದೆಯ ಅಂಚಿನಿಂದ ಕೆಂಪು ದರೆಗೆ ಹತ್ತಿದರೆ ಮತ್ತೆ ಮಾಡಿ. ಆಮೇಲೂ ಯಂತ್ರ ಕಿಚಕಿಚ ಅನ್ನುತ್ತಿದ್ದರೆ ಸೆನ್ಸಿಟಿವಿಟಿ ಇಳಿಸಿ. ಜಂಬಿಟ್ಟಿಗೆಯಲ್ಲಿ ಪೂರ್ತಿ ಏರಿಸಿದರೆ ಆಳ ಹೆಚ್ಚುವುದಿಲ್ಲ, ನೆಲವೇ ಕೂಗುತ್ತದೆ. ಹಳೆಯ ಹಿತ್ತಲಲ್ಲಿ ಇನ್ನೊಂದು ಮೋಸವಿದೆ: ಮಂಗಳೂರು ಹಂಚಿನ ಚೂರು, ಒಲೆಯ ಸುಟ್ಟ ಕಲ್ಲು. ಬೆಂಕಿ ಕಂಡ ಜೇಡಿಯಲ್ಲಿ ಕಬ್ಬಿಣಾಂಶದ ಕಾಂತಗುಣ ಹೆಚ್ಚಾಗಿ ಲೋಹದ ಹಾಗೆ ಸದ್ದು ಬರುತ್ತದೆ. ಕಾಯಿಲನ್ನು 5 ಸೆಂಟಿಮೀಟರ್ ಎತ್ತಿ ನೋಡಿ. ಹಂಚಿನ ಸದ್ದು ಥಟ್ಟನೆ ಕಡಿಯುತ್ತದೆ, ಲೋಹದ್ದು ಮೆಲ್ಲಗೆ ಕರಗುತ್ತದೆ.

ಕಡಲಿಗೆ ಹೊರಡುವ ಮುನ್ನ ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಹಿಂದೆ ಸರಿಯುತ್ತದೆ. ಇಳಿತಕ್ಕೆ ಒಂದೂವರೆ ತಾಸು ಮೊದಲು ಇಳಿದು ನೀರಿನ ಜೊತೆಗೇ ಹಿಂಬಾಲಿಸಿ. ಮಳೆಗಾಲದಲ್ಲಿ ಕಡಲು ಮರಳನ್ನು ಕೊರೆದೊಯ್ದು ಭಾರದ ವಸ್ತುಗಳನ್ನು ಮೇಲಕ್ಕೆ ಬಿಡುತ್ತದೆ, ಆದರೆ ಆಗ ನೀರಿನ ಹತ್ತಿರ ಹೋಗುವುದು ಜೀವಕ್ಕೆ ಅಪಾಯ. ಸೆಪ್ಟೆಂಬರ್ ಕೊನೆಯಿಂದ, ಮರಳು ವಾಪಸು ತುಂಬುವ ಮೊದಲಿನ ಕೆಲವು ವಾರಗಳೇ ಸರಿ. ಮರಳಿಗೆ ತೂತಿನ ಸ್ಕೂಪ್ ಬೇಕು, ತೂತು 7–8 ಮಿಲಿಮೀಟರ್ ಮೀರಬಾರದು. ತೋಟದಲ್ಲಿ ಅಡಿಕೆ ಬುಡದಿಂದ ಒಂದು ಮೀಟರ್ ಒಳಗೆ ಅಗೆಯಬೇಡಿ, ಅದರ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರುತ್ತವೆ. ಎರಡು ಕಡೆಗೂ ಕೈಯಲ್ಲಿ ಹಿಡಿದು ಗುಂಡಿಯೊಳಗೆ ಲೋಹ ಎಲ್ಲಿದೆ ಎಂದು ನಿಖರವಾಗಿ ನೋಡುವ ಪಿನ್‌ಪಾಯಿಂಟರ್ ಇರಲಿ. ಅದಿಲ್ಲದೆ ಸಣ್ಣ ಗುಂಡಿ ದೊಡ್ಡದಾಗುತ್ತದೆ, ಸಿಕ್ಕಬೇಕಾದದ್ದಕ್ಕೆ ಪಿಕಾಸಿ ತಾಗುತ್ತದೆ. ದಂಡೆಯಿಂದ ಬಂದೊಡನೆ ಕಾಯಿಲ್‌ನ ಕವಚ ಬಿಚ್ಚಿ, ಕಾಯಿಲನ್ನೂ ಕೋಲನ್ನೂ ಸಿಹಿನೀರಲ್ಲಿ ತೊಳೆಯಿರಿ. ಕವಚದೊಳಗೆ ಸೇರಿದ ಕರಿಮರಳು ಮರುದಿನ ಸುಳ್ಳು ಸದ್ದು ಕೊಡುತ್ತದೆ.

ಸೀಸದ ವಿಷಯದಲ್ಲಿ ಮಾತ್ರ ಅವಸರ ಬೇಡ. ಮೀನುಗಾರರ ದಂಡೆಯಲ್ಲಿ ಬಲೆಯ ಸೀಸದ ಗುಂಡು ಹೆಜ್ಜೆಹೆಜ್ಜೆಗೂ ಸಿಗುತ್ತದೆ, ಅದರ ಸಂಖ್ಯೆಯನ್ನು ನಾಚ್ ಮಾಡಿ ಮುಚ್ಚಿಬಿಡಬೇಕು ಅನ್ನಿಸುತ್ತದೆ. ಆದರೆ ಕಾರವಾರದ ಕಡೆ ಸಿಕ್ಕ, ಬನವಾಸಿಯ ಚುಟು ಅರಸರಾದ ಚುಟುಕುಲಾನಂದ ಮತ್ತು ಮುಳಾನಂದರ ಹೆಸರಿರುವ ಹಳೆಯ ನಾಣ್ಯಗಳು ಸೀಸದವೇ, ಗಾತ್ರದಲ್ಲಿ ದೊಡ್ಡವು. ಬೂದು ಬಣ್ಣದ ಚಪ್ಪಟೆ ಬಿಲ್ಲೆ ಸಿಕ್ಕರೆ ಉಜ್ಜಬೇಡಿ, ಹುಣಸೆ, ನಿಂಬೆ ಮುಟ್ಟಿಸಬೇಡಿ. ಸೀಸ ಮೆದು, ಒಂದು ಉಜ್ಜಿಗೆ ಅಕ್ಷರ ಹೋಗುತ್ತದೆ. ಸಿಕ್ಕ ತಾಣದ ಚಿತ್ರ ತೆಗೆದು, ಆಳ ಅಳೆದು, ಒಣ ಕಾಗದದಲ್ಲಿ ಸುತ್ತಿ, ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಜಿಲ್ಲಾಧಿಕಾರಿ ಕಚೇರಿಗೆ ಬರೆದು ತಿಳಿಸಿ. ಕೈಗೆ ಹತ್ತಿದ ಸೀಸವನ್ನು ಊಟಕ್ಕೆ ಮೊದಲು ಸೋಪು ಹಾಕಿ ತೊಳೆದುಕೊಳ್ಳಿ.