ಒಂದೇ ಬಾವಿಯ ವಠಾರ: ಒಂದು ವರ್ಡ್‌ಪ್ರೆಸ್‌ನಲ್ಲಿ ಆರು ಜಾಲತಾಣ ನಡೆಸಿದ ನನ್ನ ಅನುಭವ

ಗ್ರಂಥಾಲಯದ ಜಾಲತಾಣ ಕೆಟ್ಟಿದೆ ಎಂದು ನನಗೆ ತಿಳಿದದ್ದು ಅಲ್ಲಿನ ಗ್ರಂಥಪಾಲಕರ ಫೋನಿನಿಂದ. "ಮಾರಾಯ್ರೆ, ಗೂಗಲ್‌ನಲ್ಲಿ ನಮ್ಮ ಹೆಸರು ಹೊಡೆದರೆ ಯಾವುದೋ ಮಾತ್ರೆ ಮಾರುವ ಪುಟ ಬರ್ತದೆ!" 2018ರ ಮಳೆಗಾಲ. ಒಳಗೆ ಹೋಗಿ ನೋಡಿದರೆ, ಮುಖಪುಟದಲ್ಲಿ ಚಿತ್ರ ಸರಿಸುವ ಒಂದು ಹಳೆಯ ಪ್ಲಗಿನ್‌ನ (ತಾಣಕ್ಕೆ ಹೆಚ್ಚುವರಿಯಾಗಿ ಸೇರಿಸುವ ಬಿಡಿ ತಂತ್ರಾಂಶ) ಕಿಂಡಿಯಿಂದ ಯಾರೋ ನುಗ್ಗಿದ್ದರು. ಆ ಕಿಂಡಿ ಮುಚ್ಚುವ ಅಪ್‌ಡೇಟ್ ಬಂದು ತಿಂಗಳುಗಳೇ ಆಗಿದ್ದವು. ಹಾಕಬೇಕಾದವನು ನಾನು, ಹಾಕಿರಲಿಲ್ಲ.

ಆಗ ನನ್ನ ಕೈಯಲ್ಲಿ ಆರು ತಾಣಗಳಿದ್ದವು. ಗ್ರಂಥಾಲಯ, ನಾನು ಓದಿದ ಪ್ರೌಢಶಾಲೆಯ ಹಳೆ ವಿದ್ಯಾರ್ಥಿಗಳ ಸಂಘ, ಹವ್ಯಾಸಿ ಯಕ್ಷಗಾನ ತಂಡ, ಅಡಿಕೆ ಬೆಳೆಗಾರರ ಒಂದು ಗುಂಪು, ಊರಿನ ಶಾಸನ-ವೀರಗಲ್ಲುಗಳ ಚಿತ್ರ ಸಂಗ್ರಹಿಸುವವರು, ಮಕ್ಕಳ ರಂಗಶಿಬಿರ. ಯಾರಿಗೂ ದುಡ್ಡಿಲ್ಲ, ನನಗೆ ಸಿಗುವುದು ಭಾನುವಾರ ಮಾತ್ರ. ಆರಕ್ಕೂ ಬೇರೆ ಬೇರೆ ವರ್ಡ್‌ಪ್ರೆಸ್ (ಜಾಲತಾಣ ನಡೆಸುವ ತಂತ್ರಾಂಶ), ಬೇರೆ ಬೇರೆ ಪಾಸ್‌ವರ್ಡ್, ಬೇರೆ ಬೇರೆ ಅಪ್‌ಡೇಟ್. ಒಂದು ಭಾನುವಾರ ತಪ್ಪಿದರೆ ಆರೂ ಕಡೆ ಬಾಕಿ ಬೆಳೆಯುತ್ತಿತ್ತು. ತಂತ್ರಾಂಶ ಒಂದೇ ಇರಬೇಕು, ತಾಣಗಳು ಮಾತ್ರ ಬೇರೆ ಬೇರೆ ಇರಬೇಕು ಎಂಬ ತೀರ್ಮಾನಕ್ಕೆ ಬಂದದ್ದು ಆ ಫೋನಿನ ನಂತರ.

ಇದೇನೂ ಹೊಸ ಉಪಾಯವಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, 2016ರಲ್ಲಿ ಬಂದ ತುಳು ವಿಕಿಪೀಡಿಯ, ಕನ್ನಡ ವಿಕಿಸೋರ್ಸ್ ಎಲ್ಲವೂ ವಿಕಿಮೀಡಿಯದ ಸರ್ವರ್‌ಗಳಲ್ಲಿ ಮೀಡಿಯಾವಿಕಿ ಎಂಬ ಒಂದೇ ತಂತ್ರಾಂಶದ ಕೋಡ್ ಮೇಲೆ ನಡೆಯುತ್ತವೆ; ಪ್ರತಿಯೊಂದಕ್ಕೂ ತನ್ನದೇ ಡೇಟಾಬೇಸ್. ವರ್ಡ್‌ಪ್ರೆಸ್‌ನಂಥದೇ ಇನ್ನೊಂದು ತಂತ್ರಾಂಶ ದ್ರುಪಾಲ್ ಕೂಡ ಹಾಗೆಯೇ: 'ಸೈಟ್ಸ್' ಎಂಬ ಫೋಲ್ಡರ್ ಒಳಗೆ ಪ್ರತಿ ತಾಣಕ್ಕೊಂದು ಗೂಡು, ಆ ಗೂಡಿನಲ್ಲಿ ಅದರದೇ ಸೆಟ್ಟಿಂಗ್ಸ್ ಫೈಲ್, ಬೇರೆಯದೇ ಡೇಟಾಬೇಸ್. ವಿನ್ಯಾಸದ ದೃಷ್ಟಿಯಿಂದ ದ್ರುಪಾಲ್‌ನದೇ ಚೊಕ್ಕ ಎಂದು ಇವತ್ತಿಗೂ ನಂಬಿದ್ದೇನೆ. ಆದರೆ ಆರೂ ಸಂಸ್ಥೆಗಳಲ್ಲಿ ಬರಹ ಏರಿಸುತ್ತಿದ್ದವರ ಕೈ ವರ್ಡ್‌ಪ್ರೆಸ್‌ಗೆ ಒಗ್ಗಿತ್ತು. ಎಪ್ಪತ್ತು ದಾಟಿದ ಭಾಗವತರಿಗೆ ಹೊಸ ಪರದೆ ಕಲಿಸುವುದು ಬೇಡವೆನಿಸಿತು. 2010ರ ವರ್ಡ್‌ಪ್ರೆಸ್ 3.0ರಿಂದ ಮಲ್ಟಿಸೈಟ್ (ಒಂದೇ ತಂತ್ರಾಂಶದಲ್ಲಿ ಹಲವು ತಾಣ ನಡೆಸುವ) ಸೌಲಭ್ಯ ಮೂಲ ತಂತ್ರಾಂಶದೊಳಗೇ ಇದೆ. 2016ರ 4.5ನೇ ಆವೃತ್ತಿಯ ನಂತರ ಪ್ರತಿ ತಾಣಕ್ಕೂ ಅದರ ಸ್ವಂತ ಡೊಮೈನ್ ಹೆಸರು ಕೊಡಲು ಪ್ರತ್ಯೇಕ ಪ್ಲಗಿನ್ ಕೂಡ ಬೇಕಿಲ್ಲ. ಅದನ್ನೇ ಹಿಡಿದೆ.

ಹಾಕುವುದು ಕಷ್ಟವಲ್ಲ. ಒಂದು ಸಣ್ಣ ವಿಪಿಎಸ್ (ದೊಡ್ಡ ಸರ್ವರ್‌ನ ಒಂದು ಪಾಲು) ಬಾಡಿಗೆಗೆ ಪಡೆದು ಹೊಸ ವರ್ಡ್‌ಪ್ರೆಸ್ ಹಾಕಿದೆ. ಕಾನ್ಫಿಗ್ ಫೈಲಿನಲ್ಲಿ ಮಲ್ಟಿಸೈಟ್‌ಗೆ ಅನುಮತಿ ಕೊಡುವ ಒಂದು ಸಾಲು ಸೇರಿಸಿದರೆ ಟೂಲ್ಸ್ ಮೆನುವಿನಲ್ಲಿ 'ನೆಟ್‌ವರ್ಕ್ ಸೆಟಪ್' ಕಾಣಿಸಿಕೊಳ್ಳುತ್ತದೆ. ಅಲ್ಲಿ ಸಬ್‌ಡೊಮೈನ್ ಆರಿಸಿಕೊಂಡೆ. ಅದು ಕೊಟ್ಟ ಸಾಲುಗಳನ್ನು ಮತ್ತೆ ಕಾನ್ಫಿಗ್‌ಗೆ ಅಂಟಿಸಿದ್ದಾಯಿತು. ಅರ್ಧ ಗಂಟೆಯ ಕೆಲಸ.

ಒಳಗೆ ಆಗುವುದನ್ನು ನಾನು ವಠಾರದ ಮನೆಗಳಂತೆ ಅರ್ಥ ಮಾಡಿಕೊಂಡೆ. ಹೊಸ ತಾಣ ಸೇರಿಸಿದಾಗಲೆಲ್ಲ ಡೇಟಾಬೇಸ್‌ನಲ್ಲಿ ಅದರ ಸಂಖ್ಯೆ ಹೊತ್ತ ಹತ್ತು ಟೇಬಲ್‌ಗಳು ಹುಟ್ಟುತ್ತವೆ: ಬರಹ, ಆಯ್ಕೆ, ವರ್ಗ ಇತ್ಯಾದಿ. ಅದು ಆ ಮನೆಯ ಅಡುಗೆಮನೆ. ಚಿತ್ರಗಳು 'ಅಪ್‌ಲೋಡ್ಸ್' ಒಳಗಿನ 'ಸೈಟ್ಸ್' ಫೋಲ್ಡರ್‌ನಲ್ಲಿ ಅದೇ ಸಂಖ್ಯೆಯಡಿ ಕೂರುತ್ತವೆ. ಆದರೆ ಬಳಕೆದಾರರ ಪಟ್ಟಿ ಎಲ್ಲರಿಗೂ ಒಂದೇ, ಪ್ಲಗಿನ್-ಥೀಮ್ ಫೈಲುಗಳೂ ಒಂದೇ ಪ್ರತಿ. ಅದು ವಠಾರದ ಬಾವಿ. ಬಾವಿಗೆ ಏನು ಬಿದ್ದರೂ ಎಲ್ಲರ ಕೊಡಕ್ಕೂ ಬರುತ್ತದೆ.

ಮೊದಲನೆಯ ತಾಣಕ್ಕೆ ಮಾತ್ರ ಸಂಖ್ಯೆಯಿಲ್ಲದ ಟೇಬಲ್‌ಗಳು. ಅದನ್ನು ಅಳಿಸಲಾಗುವುದಿಲ್ಲ, ಬೇರ್ಪಡಿಸುವುದೂ ತೊಡಕು. ಅದಕ್ಕೇ ಅದನ್ನು ಯಾರಿಗೂ ಕೊಡದೆ ಖಾಲಿ ಜಗಲಿಯಂತೆ ಬಿಟ್ಟೆ. ಮಲ್ಟಿಸೈಟ್ ಹಾಕುವ ಯಾರಿಗಾದರೂ ನಾನು ಮೊದಲು ಹೇಳುವ ಮಾತು ಇದೇ.

ಹಳೆಯ ತಾಣಗಳನ್ನು ಒಳಗೆ ತರುವಾಗ ಕನ್ನಡವೇ ಹೆಚ್ಚು ಸಮಯ ಕೇಳಿತು. ಯಕ್ಷಗಾನ ತಂಡದ ಡೇಟಾಬೇಸ್ ತನ್ನನ್ನು ಲ್ಯಾಟಿನ್-1 (ಪಶ್ಚಿಮ ಯುರೋಪಿನ ಅಕ್ಷರಗಳಿಗಷ್ಟೇ ಆಗುವ ಹಳೆಯ ಸಂಕೇತ ಪದ್ಧತಿ) ಎಂದು ಘೋಷಿಸಿಕೊಂಡಿತ್ತು, ಒಳಗಿದ್ದದ್ದು ಕನ್ನಡವನ್ನೂ ಬರೆಯಬಲ್ಲ ಯುಟಿಎಫ್-8 ಪದ್ಧತಿಯ ಬೈಟ್‌ಗಳು. ನೇರವಾಗಿ ಎತ್ತಿ ತಂದಾಗ ಪ್ರತಿ ಅಕ್ಷರವೂ ಮೂರು ವಿಚಿತ್ರ ಗುರುತುಗಳಾಗಿ ಒಡೆಯಿತು. ಲ್ಯಾಟಿನ್-1 ಎಂದೇ ಹೇಳಿ ಡಂಪ್ (ಡೇಟಾಬೇಸ್‌ನ ನಕಲು ಫೈಲು) ತೆಗೆದು, ಆ ಫೈಲಿನಲ್ಲಿ ಘೋಷಣೆಯನ್ನು ಮಾತ್ರ ಯುಟಿಎಫ್8ಎಂಬಿ4ಕ್ಕೆ (ಡೇಟಾಬೇಸ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಬದಲಿಸಿ ಮತ್ತೆ ಏರಿಸಿದಾಗ ಅಕ್ಷರಗಳು ಮರಳಿ ಕೂಡಿಕೊಂಡವು. ಆ ರಾತ್ರಿ ಅರ್ಥಧಾರಿಗಳ ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಕೂತಿದ್ದೆ.

ಕೊಂಡಿಗಳದು ಇನ್ನೊಂದು ಕಥೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಅದರಿಂದಲೇ ವಿಳಾಸ ಮಾಡುತ್ತದೆ. ಕನ್ನಡದ ಪ್ರತಿ ಸಂಕೇತ (ಅಕ್ಷರ, ಕಾಗುಣಿತದ ಗುರುತು, ಅರ್ಧಾಕ್ಷರದ ಚಿಹ್ನೆ ಒಂದೊಂದೂ ಬೇರೆ) ಮೂರು ಬೈಟ್, ವಿಳಾಸದಲ್ಲಿ ಪ್ರತಿ ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ, ಒಟ್ಟು ಒಂಬತ್ತು ಅಕ್ಷರದಷ್ಟು ಜಾಗ. ಡೇಟಾಬೇಸ್‌ನಲ್ಲಿ ಅದಕ್ಕಿರುವ ಜಾಗ 200 ಅಕ್ಷರ. ಅಂದರೆ ಸುಮಾರು 22 ಸಂಕೇತ, 'ಕ್ಷ' ಒಂದಕ್ಕೇ ಮೂರು ಖರ್ಚು. 'ಯಕ್ಷಗಾನ ತಾಳಮದ್ದಲೆ ಕಾರ್ಯಕ್ರಮ' ಎಂದು ಬರೆದರೆ ವಿಳಾಸ 'ಕಾರ್ಯಕ'ಕ್ಕೇ ತುಂಡಾಗುತ್ತದೆ. ಮುಂದಿನ ವರ್ಷದ ಕಾರ್ಯಕ್ರಮವೂ ಅಲ್ಲಿಗೇ ತುಂಡಾಗಿ, ಬಾಲಕ್ಕೆ 2 ಎಂದು ಅಂಟಿಸಿಕೊಳ್ಳುತ್ತದೆ. ವಾಟ್ಸಾಪ್‌ನಲ್ಲಿ ಹಂಚಿದರೆ ಹಲವು ಕಡೆ ಶೇಕಡಾ ಚಿಹ್ನೆಗಳ ಉದ್ದ ಸರಪಳಿ. ಕೊನೆಗೆ ಆರೂ ತಾಣಗಳಲ್ಲಿ ಬರಹದ ಸಂಖ್ಯೆಯನ್ನೇ ವಿಳಾಸ ಮಾಡಿದೆ. ನೋಡಲು ಚಂದವಿಲ್ಲ, ಆದರೆ ಗಿಡ್ಡ, ಮುರಿಯುವುದಿಲ್ಲ.

ವಾರದೊಳಗೆ ದೂರುಗಳು ಬಂದವು. ತಂಡದ ಕಾರ್ಯದರ್ಶಿ ಗೂಗಲ್ ನಕ್ಷೆ ಅಂಟಿಸುತ್ತಾರೆ, ಉಳಿಸಿದ ಕೂಡಲೇ ಅದು ಮಾಯ. ಮಲ್ಟಿಸೈಟ್‌ನಲ್ಲಿ ಕಚ್ಚಾ ಎಚ್‌ಟಿಎಂಎಲ್ ಬರೆಯುವ ಹಕ್ಕು ಸೂಪರ್ ಅಡ್ಮಿನ್‌ಗೆ (ಎಲ್ಲ ತಾಣಗಳ ಮೇಲೂ ಅಧಿಕಾರವಿರುವವರು) ಮಾತ್ರ. ತಾಣದ ಅಡ್ಮಿನ್ ಹಾಕಿದ ಐಫ್ರೇಮ್ (ನಕ್ಷೆಯಂಥ ಬೇರೆ ಪುಟವನ್ನು ಒಳಗೆ ತೋರಿಸುವ ಕೋಡ್) ಅನ್ನು ತಂತ್ರಾಂಶ ಕಿತ್ತು ಬಿಸಾಡುತ್ತದೆ. ಇದು ಸರಿಯಾದ ನಿಯಮವೇ. ಒಬ್ಬರ ಪುಟದ ಮೂಲಕ ಬಾವಿಗೆ ವಿಷ ಬೀಳಬಾರದು. ಎಲ್ಲರಿಗೂ ಸೂಪರ್ ಅಡ್ಮಿನ್ ಕೊಟ್ಟುಬಿಡಿ ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು, ನಾನು ಒಪ್ಪಲಿಲ್ಲ. ನಕ್ಷೆಗೆಂದು ಪುಟ್ಟ ಶಾರ್ಟ್‌ಕೋಡ್ (ಬರಹದಲ್ಲಿ ಹಾಕಿದರೆ ನಕ್ಷೆಯಾಗಿ ಬದಲಾಗುವ ಗುರುತುಪದ) ಬರೆದುಕೊಟ್ಟೆ. ವೀರಗಲ್ಲಿನ ಫೋಟೊ ಏರುತ್ತಿಲ್ಲ ಎಂಬ ದೂರಿಗೆ ಕಾರಣ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಮೊದಲಿಂದಲೇ ಇರುವ 1500 ಕೆಬಿ ಮಿತಿ. ಗ್ರಂಥಾಲಯದ ಹೊಸ ಪುಸ್ತಕಗಳ ಪಟ್ಟಿ ಬೆಳಿಗ್ಗೆ ಆರಕ್ಕೆ ಪ್ರಕಟವಾಗಬೇಕಾದದ್ದು ಮಧ್ಯಾಹ್ನವಾದರೂ ಬರುತ್ತಿರಲಿಲ್ಲ. ಪ್ರತಿ ತಾಣದ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಮಾಡಿಸುವ ವ್ಯವಸ್ಥೆ) ಬೇರೆ, ಆ ತಾಣಕ್ಕೆ ಯಾರಾದರೂ ಬಂದಾಗಲೇ ಅದು ಎಚ್ಚರವಾಗುವುದು. ಸರ್ವರ್‌ನ ಕ್ರಾನ್‌ನಿಂದ ಹತ್ತು ನಿಮಿಷಕ್ಕೊಮ್ಮೆ ಎಲ್ಲ ತಾಣಗಳ ಬಾಗಿಲನ್ನೂ ತಟ್ಟುವ ಹಾಗೆ ಮಾಡಿದೆ.

ಬಾವಿಗೆ ನಾನೇ ಕಲ್ಲು ಹಾಕಿದ್ದೂ ಇದೆ. ಅರ್ಜಿ ನಮೂನೆಯ ಪ್ಲಗಿನ್ ಒಂದನ್ನು ಇಡೀ ನೆಟ್‌ವರ್ಕ್‌ಗೆ ಚಾಲೂ ಮಾಡಿದ್ದೆ. ಅದರ ಹೊಸ ಆವೃತ್ತಿಗೆ ಸರ್ವರ್‌ನಲ್ಲಿ ಹೊಸ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಕಂಪ್ಯೂಟರ್ ಭಾಷೆ) ಬೇಕಿತ್ತು. ಒಂದು ಕ್ಲಿಕ್, ಆರೂ ತಾಣ ಬಿಳಿ ಪರದೆ. ರಂಗಶಿಬಿರದ ನೋಂದಣಿಗೆ ಅಂದೇ ಕೊನೆಯ ದಿನ. ಸರ್ವರ್ ಒಳಹೊಕ್ಕು ಆ ಪ್ಲಗಿನ್‌ನ ಫೋಲ್ಡರ್ ಹೆಸರು ಬದಲಿಸಿದ ಮೇಲೆ ತಾಣಗಳು ಎದ್ದವು. ಶಿಬಿರದವರಿಗೆ ಫೋನ್ ಮಾಡಿ ಒಂದು ದಿನ ಹೆಚ್ಚು ಕೊಡಿ ಎಂದು ಕೇಳಿಕೊಂಡೆ. ಅಲ್ಲಿಂದ ಮೊದಲು ನಕಲು ಸರ್ವರ್‌ನಲ್ಲಿ ಅಪ್‌ಡೇಟ್, ಆಮೇಲೆ ಅಸಲಿನಲ್ಲಿ.

ಆದರೆ ನನ್ನ ಕಣ್ಣು ತೆರೆಸಿದ್ದು ಅಡಿಕೆ ಬೆಳೆಗಾರರು. 2020ರಲ್ಲಿ ಅವರಿಗೆ ಧಾರಣೆ ಪಟ್ಟಿಯ ಆ್ಯಪ್ ಬೇಕಾಯಿತು, ಬೇರೆ ಕಡೆ ಹೋಗುತ್ತೇವೆ ಎಂದರು. ಸಂತೋಷದಿಂದಲೇ ಒಪ್ಪಿದೆ. ಆಮೇಲೆ ತಿಳಿಯಿತು, ಅವರು ಹೋಗಲು ಬಾಗಿಲನ್ನೇ ನಾನು ಇಟ್ಟಿರಲಿಲ್ಲ. ಅವರ ಸಂಖ್ಯೆ 5. ಆ ಸಂಖ್ಯೆಯ ಹತ್ತು ಟೇಬಲ್ ತೆಗೆದು, ಹೆಸರಿನಿಂದ ಸಂಖ್ಯೆ ಕಳಚಿ, ಹೊಸ ವರ್ಡ್‌ಪ್ರೆಸ್‌ಗೆ ಹಾಕಿದೆ. ತಾಣ ಕಂಡಿತು, ಆದರೆ ಒಬ್ಬರಿಗೂ ಡ್ಯಾಶ್‌ಬೋರ್ಡ್‌ಗೆ ಪ್ರವೇಶವಿಲ್ಲ. ಆಯ್ಕೆಗಳ ಟೇಬಲ್ ಒಳಗೆ ಪಾತ್ರಗಳನ್ನು ಹೇಳುವ ಸಾಲಿನ ಹೆಸರಿನಲ್ಲೂ, ಬಳಕೆದಾರರ ಅಧಿಕಾರದ ಸಾಲುಗಳ ಹೆಸರಿನಲ್ಲೂ ಆ 5 ಕೂತಿತ್ತು. ಅದನ್ನು ಹುಡುಕಲು ಎರಡು ರಾತ್ರಿ ಹೋಯಿತು. ಬಳಕೆದಾರರ ಟೇಬಲ್ ಇಡಿಯಾಗಿ ಕೊಡುವಂತಿಲ್ಲ, ಉಳಿದ ಐದು ಸಂಸ್ಥೆಯವರ ಇಮೇಲ್, ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡ್‌ನ ಗೂಢ ರೂಪ) ಅದರಲ್ಲೇ ಇವೆ. ಅವರದೇ ಹನ್ನೊಂದು ಜನರನ್ನು ಆರಿಸಿ ತೆಗೆದೆ.

ಅಷ್ಟರಲ್ಲಿ ಇನ್ನೊಂದು ಪೆಟ್ಟು. ಆರೂ ಡೊಮೈನ್‌ಗೆ ಸೇರಿಸಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಸೇವೆಯಿಂದ ಒಂದೇ ಪ್ರಮಾಣಪತ್ರ (ತಾಣದ ಸಂಪರ್ಕವನ್ನು ಸುರಕ್ಷಿತಗೊಳಿಸುವುದು) ಪಡೆದಿದ್ದೆ. ಆಗ ಅದರ ಆಯುಸ್ಸು 90 ದಿನ ಇತ್ತು. ಬೆಳೆಗಾರರ ಡೊಮೈನ್ ಹೊಸ ಸರ್ವರ್ ಕಡೆ ತಿರುಗಿದ್ದರಿಂದ ನವೀಕರಣದ ಹೊತ್ತಿಗೆ ನಡೆಯುವ ಡೊಮೈನ್ ಪರೀಕ್ಷೆಯಲ್ಲಿ ಆ ಒಂದು ಹೆಸರು ಸೋತು, ಎಲ್ಲರ ನವೀಕರಣವೂ ನಿಂತಿತು. ಒಬ್ಬರು ಮನೆ ಬಿಟ್ಟರೆಂದು ಐವರ ಬೀಗ ಕೆಟ್ಟ ಹಾಗೆ. ಈಗ ಡೊಮೈನ್‌ಗೊಂದು ಪ್ರಮಾಣಪತ್ರ.

ಇದೆಲ್ಲ ಆದ ಮೇಲೆ ನಾನು 'ಸ್ವತಂತ್ರ ತಾಣ' ಎಂಬ ಮಾತನ್ನು ಬೇರೆ ರೀತಿ ಅಳೆಯತೊಡಗಿದೆ. ಬೇರೆ ಬಣ್ಣ, ಬೇರೆ ಹೆಸರು, ಬೇರೆ ಅಡ್ಮಿನ್ ಇದ್ದರೆ ಸಾಲದು. ನನ್ನನ್ನು ಕೇಳದೆ ಎದ್ದು ಹೋಗಲು ಸಾಧ್ಯವೇ? ಹಳೆ ವಿದ್ಯಾರ್ಥಿಗಳ ಸಂಘದ ಡೊಮೈನ್ ಅಲ್ಲಿಯವರೆಗೂ ನನ್ನ ಹೆಸರಿನಲ್ಲಿತ್ತು, ನನ್ನ ಕಾರ್ಡಿನಿಂದ ನವೀಕರಣವಾಗುತ್ತಿತ್ತು. ನಾಳೆ ನಾನಿಲ್ಲದಿದ್ದರೆ? ಒಂದೊಂದಾಗಿ ಎಲ್ಲ ಡೊಮೈನ್‌ಗಳನ್ನೂ ಆಯಾ ಸಂಸ್ಥೆಯ ಖಾತೆಗೆ ದಾಟಿಸಿದೆ. ಇಡೀ ಡೇಟಾಬೇಸ್‌ನ ಬ್ಯಾಕಪ್ ಜೊತೆಗೆ, ಪ್ರತಿ ಭಾನುವಾರ ತಾಣವಾರು ಪೊಟ್ಟಣವೂ ಕಟ್ಟಲ್ಪಡುತ್ತದೆ: ಅವರ ಟೇಬಲ್, ಅವರ ಚಿತ್ರ, ಅವರ ಬಳಕೆದಾರರು, ಜೊತೆಗೆ ಬಿಡಿಸಿ ಹಾಕುವ ವಿಧಾನ ಕನ್ನಡದಲ್ಲಿ ಬರೆದ ಒಂದು ಪುಟ. ಅದು ಅವರವರ ಡ್ರೈವ್‌ಗೇ ಹೋಗಿ ಬೀಳುತ್ತದೆ.

ವರ್ಷಕ್ಕೊಮ್ಮೆ ಒಂದು ಪೊಟ್ಟಣವನ್ನು ನಾನಲ್ಲದ ಬೇರೊಬ್ಬರಿಂದ ಬಿಚ್ಚಿಸುತ್ತೇನೆ. ಈ ಸಲ ಗ್ರಂಥಾಲಯದ ಸರದಿ. ಅಲ್ಲಿಗೆ ಓದಲು ಬರುವ ಡಿಗ್ರಿ ವಿದ್ಯಾರ್ಥಿನಿಯೊಬ್ಬಳು ತನ್ನ ಲ್ಯಾಪ್‌ಟಾಪ್‌ನಲ್ಲಿ ನನ್ನ ಪುಟ ನೋಡಿಕೊಂಡು ಒಂದು ಮಧ್ಯಾಹ್ನದಲ್ಲಿ ತಾಣ ಎಬ್ಬಿಸಿದಳು. ಬರಹಗಳೆಲ್ಲ ಬಂದವು, ಚಿತ್ರಗಳು ಬರಲಿಲ್ಲ. ಚಿತ್ರದ ವಿಳಾಸದಲ್ಲಿ 'ಸೈಟ್ಸ್', ಅದರೊಳಗೆ 3 ಎಂಬ ಫೋಲ್ಡರ್ ಇರುತ್ತದೆ, ಆ ಮಾತನ್ನು ನಾನು ಪುಟದಲ್ಲಿ ಬರೆದಿರಲಿಲ್ಲ. ಅವಳು ಫೋಲ್ಡರನ್ನು ಅದೇ ಹೆಸರಿನಲ್ಲಿ ಮಾಡಿ, ಚಿತ್ರಗಳನ್ನು ಅದರೊಳಗೆ ಇಟ್ಟಳು. ಆಮೇಲೆ ಆ ಒಂದು ಸಾಲನ್ನು ಪುಟಕ್ಕೆ ತಾನೇ ಸೇರಿಸಿ ನನಗೆ ಕಳಿಸಿದಳು.