ಲೀಡ್ಸಿನ ಹಳೆಯ ಮನೆಗೆ ಅಪ್ಪ, ಅವ್ವ ಬಂದಾಗ

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನಾನು ಮತ್ತು ನನ್ನ ಯಜಮಾನರು ಕೊಂಡ ಮನೆ 1898ರಲ್ಲಿ ಕಟ್ಟಿದ್ದು. ಎರಡೂ ಬದಿಯ ಗೋಡೆಗಳನ್ನು ನೆರೆಯವರೊಂದಿಗೆ ಹಂಚಿಕೊಂಡು ಸಾಲಾಗಿ ನಿಂತಿರುವ ಕೆಂಪು ಇಟ್ಟಿಗೆಯ ಮನೆಗಳಲ್ಲಿ ಅದೂ ಒಂದು. ಕೆಳಗೆ ನೆಲಮಾಳಿಗೆ, ಅದರ ಮೇಲೆ ಪಡಸಾಲೆ ಮತ್ತು ಅಡುಗೆಮನೆ, ಮಹಡಿಯಲ್ಲಿ ಎರಡು ಮಲಗುವ ಕೋಣೆ ಮತ್ತು ಒಂದು ಬಚ್ಚಲುಮನೆ, ಅದರ ಮೇಲೆ ಅಟ್ಟ. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಬೀಗದ ಕೈ ನಮ್ಮ ಕೈಗೆ ಬಂತು. ಅಕ್ಟೋಬರ್ ಮೂರನೆಯ ವಾರದಲ್ಲಿ ಗದಗಿನಿಂದ ನನ್ನ ಅಪ್ಪ, ಅವ್ವ ನಾಲ್ಕು ತಿಂಗಳ ಮಟ್ಟಿಗೆ ಬಂದರು. ಮನೆ ಕೊಂಡ ಮೊದಲ ವರ್ಷ ಯಾರನ್ನೂ ಕರೆಯಬೇಡಿ, ಮೊದಲು ನೀವು ನೆಲೆಯೂರಿ ಎಂದು ತಿಳಿದವರು ಹೇಳಿದ್ದರು. ನನ್ನ ಅನುಭವ ಇದಕ್ಕೆ ತಿರುಗಾಮುರುಗಾ ಆಯಿತು. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟು ಸಂಜೆ ಆರಕ್ಕೆ ಮರಳುವ ನಮ್ಮಿಬ್ಬರಿಗೆ ಐದು ವಾರಗಳಲ್ಲಿ ಕಾಣದ ಮನೆ, ಹಗಲಿಡೀ ಒಳಗೇ ಇರುವ ಇಬ್ಬರು ಹಿರಿಯರು ಬಂದ ಮೇಲೆಯೇ ನಮಗೆ ಅರ್ಥವಾಗತೊಡಗಿತು.

ಅವರು ಬರುವ ಮುನ್ನ ನಾವು ಮಾಡಿದ ಸಿದ್ಧತೆಯಲ್ಲಿ ಎರಡು ಮಾತ್ರ ನಿಜವಾಗಿ ಉಪಯೋಗಕ್ಕೆ ಬಂದವು. ಮೊದಲನೆಯದು, ಮನೆಗೆ ಬರುವ ನೀರಿನ ಮುಖ್ಯ ವಾಲ್ವ್ ಮತ್ತು ವಿದ್ಯುತ್ತಿನ ಫ್ಯೂಸ್ ಪೆಟ್ಟಿಗೆ ಎಲ್ಲಿವೆ ಎಂದು ಹುಡುಕಿ, ಎರಡನ್ನೂ ಒಮ್ಮೆ ಮುಚ್ಚಿ ತೆರೆದು ನೋಡಿದ್ದು. ನಮ್ಮಲ್ಲಿ ಎರಡೂ ನೆಲಮಾಳಿಗೆಯಲ್ಲಿವೆ, ವಾಲ್ವ್ ತುಕ್ಕು ಹಿಡಿದು ಬಿಗಿಯಾಗಿತ್ತು, ಕೊಳಾಯಿ ಕೆಲಸದವರನ್ನು ಕರೆಸಿ ಬದಲಾಯಿಸಿದೆವು. ಎರಡನೆಯದು, ನೆಲಮಾಳಿಗೆಯ ಬಾಗಿಲಿಗೆ ಮೇಲ್ಭಾಗದಲ್ಲಿ ಚಿಲಕ ಹಾಕಿಸಿದ್ದು. ಇಂಥ ಮನೆಗಳಲ್ಲಿ ಆ ಬಾಗಿಲು ಅಡುಗೆಮನೆಯ ಪಕ್ಕದಲ್ಲಿ ಉಳಿದ ಬಾಗಿಲುಗಳಂತೆಯೇ ಕಾಣುತ್ತದೆ, ಆದರೆ ತೆರೆದ ಕೂಡಲೇ ಕಾಲಿಡಲು ಜಾಗವಿಲ್ಲದಂತೆ ಕಡಿದಾದ ಕಲ್ಲಿನ ಮೆಟ್ಟಿಲುಗಳು ಕೆಳಗಿಳಿಯುತ್ತವೆ. ರಾತ್ರಿ ನೀರು ಕುಡಿಯಲೆಂದು ಕೆಳಗೆ ಬಂದ ಹೊಸಬರು ಬೇರೆ ಬಾಗಿಲೆಂದು ತಿಳಿದು ಅದನ್ನು ತೆರೆದರೆ ಏನಾಗಬಹುದೆಂದು ಯೋಚಿಸಿದಾಗಲೇ ನನಗೆ ಎದೆ ಝಲ್ಲೆಂದಿತ್ತು. ವಯಸ್ಸಾದವರನ್ನು ಹಳೆಯ ಮನೆಗೆ ಕರೆಸುವವರು ಹಾಸಿಗೆ, ಪರದೆಗಳಿಗಿಂತ ಮೊದಲು ಈ ಬಾಗಿಲನ್ನು ನೋಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಮೆಟ್ಟಿಲ ತುದಿಯಲ್ಲಿ ರಾತ್ರಿಯಿಡೀ ಉರಿಯುವ ಸಣ್ಣ ದೀಪವೊಂದನ್ನೂ ಇಟ್ಟೆವು.

ಬಂದ ದಿನ ಸಂಜೆ ಚಹ ಕುಡಿದ ಮೇಲೆ ಇಬ್ಬರನ್ನೂ ಕರೆದುಕೊಂಡು ಇಡೀ ಮನೆ ಸುತ್ತಿಸಿದೆ. ಬಚ್ಚಲಿನ ದೀಪಕ್ಕೆ ಗೋಡೆಯಲ್ಲಿ ಸ್ವಿಚ್ ಇಲ್ಲ, ಮಾಡಿನಿಂದ ಇಳಿಬಿಟ್ಟ ದಾರವನ್ನೇ ಎಳೆಯಬೇಕು; ಬಿಸಿನೀರಿಗೂ ತಣ್ಣೀರಿಗೂ ಬೇರೆ ಬೇರೆ ನಲ್ಲಿಗಳಿವೆ; ಕುಡಿಯುವ ನೀರನ್ನು ಅಡುಗೆಮನೆಯ ನಲ್ಲಿಯಿಂದಲೇ ಹಿಡಿಯಬೇಕು, ಏಕೆಂದರೆ ನಮ್ಮ ಬಚ್ಚಲಿನ ನೀರು ಅಟ್ಟದ ಮೇಲಿನ ಹಳೆಯ ತೊಟ್ಟಿಯಿಂದ ಬರುತ್ತದೆ. ಇವನ್ನೆಲ್ಲ ಹೇಳಿದೆ. ನೆಲಮಾಳಿಗೆಯನ್ನು ಇಣುಕಿ ನೋಡಿದ ಅವ್ವ, "ನಮ್ಮ ಹಗೇವಿನಂಗ ಐತಲ್ಲ" ಎಂದಳು. ಹಗೇವು ಎಂದರೆ ನಮ್ಮ ಕಡೆ ನೆಲದಡಿ ಕಾಳು ಕೂಡಿಡುವ ಕಣಜ. ಅಲ್ಲಿನ ಕಲ್ಲಿನ ಕಟ್ಟೆಯ ಮೇಲೆ ಹಿಂದಿನ ಕಾಲದವರು ಹಾಲು, ಬೆಣ್ಣೆ ಇಡುತ್ತಿದ್ದರು. ಮರುದಿನದಿಂದ ನಮ್ಮ ಬಟಾಟಿ, ಉಳ್ಳಾಗಡ್ಡಿ, ತೆಂಗಿನಕಾಯಿಗಳು ಅಲ್ಲಿ ಸೇರಿದವು.

ಆದರೆ ಹೇಳಬೇಕಾಗಿದ್ದ ಒಂದು ಮುಖ್ಯ ಮಾತನ್ನು ನಾನು ಹೇಳಿರಲಿಲ್ಲ. ನಮ್ಮೂರ ಬಚ್ಚಲಿನಲ್ಲಿ ನೆಲದ ಮೇಲೆ ಎಷ್ಟು ನೀರು ಸುರಿದರೂ ಅದು ಮೋರಿಗೆ ಹರಿದುಹೋಗುತ್ತದೆ. ಇಲ್ಲಿನ ಬಚ್ಚಲಿನ ನೆಲದಲ್ಲಿ ಸಾಮಾನ್ಯವಾಗಿ ಮೋರಿಯೇ ಇರುವುದಿಲ್ಲ. ಮರದ ಹಲಗೆಗಳ ಮೇಲೆ ತೆಳುವಾದ ಹಾಸು ಅಂಟಿಸಿರುತ್ತಾರೆ ಅಷ್ಟೆ. ಮೂರನೆಯ ದಿನ ಬೆಳಿಗ್ಗೆ, ಎತ್ತರದ ಟಬ್ಬಿನೊಳಗೆ ಕಾಲು ಎತ್ತಿ ಇಡಲು ಅಂಜಿದ ಅಪ್ಪ, ಅದರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು, ಎಪ್ಪತ್ತು ವರ್ಷಗಳಿಂದ ಮಾಡಿದಂತೆಯೇ ಬಕೆಟ್ಟಿನಿಂದ ತಂಬಿಗೆಯಲ್ಲಿ ನೀರು ಮೊಗೆದು ಮೈಮೇಲೆ ಸುರಿದುಕೊಂಡರು. ಕೆಳಗೆ ಅಡುಗೆಮನೆಯಲ್ಲಿದ್ದ ನನಗೆ ಮೊದಲು ಕಂಡದ್ದು ಮೇಲ್ಛಾವಣಿಯಲ್ಲಿ ಊಟದ ತಟ್ಟೆಯಗಲದ ಕಂದು ಕಲೆ. ನೋಡುತ್ತಿದ್ದಂತೆಯೇ ಅದು ಹೊಟ್ಟೆಯಂತೆ ಉಬ್ಬಿ ಕೆಳಕ್ಕೆ ಜೋತಿತು.

ಮೊದಲು ಫ್ಯೂಸ್ ಪೆಟ್ಟಿಗೆಯಲ್ಲಿ ದೀಪಗಳ ಸಾಲನ್ನು ಆರಿಸಿದೆವು, ಏಕೆಂದರೆ ಆ ಉಬ್ಬಿನಿಂದ ಎರಡು ಅಡಿ ದೂರದಲ್ಲೇ ದೀಪದ ತಂತಿ ಇತ್ತು. ಆಮೇಲೆ ಕೆಳಗೆ ಬಕೆಟ್ ಇಟ್ಟು, ಯಜಮಾನರು ಪಕ್ಕಕ್ಕೆ ಸರಿದು ನಿಂತು ಸ್ಕ್ರೂಡ್ರೈವರಿನಿಂದ ಉಬ್ಬಿನ ನಡುವೆ ಒಂದು ಸಣ್ಣ ತೂತು ಮಾಡಿದರು. ಅರ್ಧ ಬಕೆಟ್ ನೀರು ಸಣ್ಣ ಧಾರೆಯಾಗಿ ಇಳಿಯಿತು. ತೂತು ಮಾಡದೆ ಬಿಟ್ಟಿದ್ದರೆ ನೀರಿನ ಭಾರಕ್ಕೆ ಮೇಲ್ಛಾವಣಿಯ ಹಾಳೆ ಪೂರಾ ಕಳಚಿ ಬೀಳುತ್ತಿತ್ತು ಎಂದು ಆಮೇಲೆ ಬಂದ ಕೆಲಸಗಾರರು ಹೇಳಿದರು. ಅಪ್ಪ ಮಾತ್ರ ಇಡೀ ದಿನ ಮಾತಾಡಲಿಲ್ಲ. ಮಗಳ ಹೊಸ ಮನೆಗೆ ಬಂದು ಹಾನಿ ಮಾಡಿದೆನೆಂಬ ಸಂಕಟ ಅವರನ್ನು ಕಾಡುತ್ತಿತ್ತು; ತಪ್ಪು ಅವರದಲ್ಲ, ಹೇಳದೆ ಇದ್ದ ನನ್ನದು ಎಂದು ಮನವರಿಕೆ ಮಾಡಲು ನನಗೆ ರಾತ್ರಿಯವರೆಗೂ ಬೇಕಾಯಿತು. ಟಬ್ಬಿನ ಎರಡು ಅಂಚುಗಳ ಮೇಲೆ ಅಡ್ಡಲಾಗಿ ಕೂರಿಸುವ ಹಲಗೆ ಇಲ್ಲಿ ವೈದ್ಯಕೀಯ ಉಪಕರಣಗಳ ಅಂಗಡಿಗಳಲ್ಲಿ ಸಿಗುತ್ತದೆ. ಹೊರಗಿನಿಂದಲೇ ಅದರ ಮೇಲೆ ಕುಳಿತು, ಒಂದೊಂದೇ ಕಾಲನ್ನು ಒಳಗೆ ತೆಗೆದುಕೊಂಡರೆ ಆಯಿತು. ಗೋಡೆಗೆ ಹಿಡಿಕೆ, ಟಬ್ಬಿನ ತಳಕ್ಕೆ ಜಾರದ ರಬ್ಬರ್ ಹಾಸು ಹಾಕಿದೆವು. ತಂಬಿಗೆಯನ್ನು ಮಾತ್ರ ಬದಲಾಯಿಸಲಿಲ್ಲ. ಅದು ಟಬ್ಬಿನೊಳಗೇ ಸುರಿಯಿತು, ಅಷ್ಟೆ.

ಚಳಿಯ ವಿಷಯದಲ್ಲಿ ನಾನು ಇನ್ನೊಂದು ತಪ್ಪು ಮಾಡಿದ್ದೆ. ಹಿತ್ತಲ ಕಡೆಯ ಕೋಣೆ ಶಾಂತವಾಗಿದೆ ಎಂದು ಅದನ್ನೇ ಅಪ್ಪ, ಅವ್ವನಿಗೆ ಕೊಟ್ಟಿದ್ದೆ. ಅದು ಉತ್ತರಕ್ಕೆ ಮುಖ ಮಾಡಿದ ಕೋಣೆ, ಚಳಿಗಾಲದಲ್ಲಿ ಅದಕ್ಕೆ ಬಿಸಿಲೇ ಇಲ್ಲ. ಬೆಳಗಿನ ಜಾವ ಐದಕ್ಕೆ ಏಳುವ ಅವರು ಎದ್ದಾಗ ಅಲ್ಲಿನ ಉಷ್ಣತೆ 14 ಡಿಗ್ರಿ ಇರುತ್ತಿತ್ತು, ಏಕೆಂದರೆ ನೀರು ಕಾಯಿಸಿ ಮನೆ ಬೆಚ್ಚಗಿಡುವ ಬಾಯ್ಲರನ್ನು ನಾವು ಏಳುವ ಹೊತ್ತಿಗೆ, ಅಂದರೆ ಆರೂವರೆಗೆ ಹೊತ್ತಿಕೊಳ್ಳುವಂತೆ ಹೊಂದಿಸಿದ್ದೆವು. ಮನೆಯೊಳಗೆ 18 ಡಿಗ್ರಿಗಿಂತ ಕಡಿಮೆ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ವೃದ್ಧರಿಗೆ ಅದಕ್ಕಿಂತ ಹೆಚ್ಚೇ ಬೇಕು. ಬಾಯ್ಲರಿನ ವೇಳೆಯನ್ನು ನಾಲ್ಕೂವರೆಗೆ ತಂದು, ದಕ್ಷಿಣದ ಬಿಸಿಲು ಬೀಳುವ ನಮ್ಮ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟೆವು. ಆ ಕೋಣೆಯ ರೇಡಿಯೇಟರ್, ಅಂದರೆ ಬಾಯ್ಲರಿನ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಲೋಹದ ಹಲಗೆ, ಮೇಲ್ಭಾಗದಲ್ಲಿ ತಣ್ಣಗೆ, ಕೆಳಗೆ ಬಿಸಿಯಾಗಿತ್ತು. ಒಳಗೆ ಗಾಳಿ ತುಂಬಿಕೊಂಡಿದೆ ಎಂಬುದರ ಗುರುತು ಅದು. ಬಾಯ್ಲರ್ ಆರಿಸಿ, ರೇಡಿಯೇಟರ್ ಆರಿದ ಮೇಲೆ, ಬದಿಯಲ್ಲಿರುವ ಸಣ್ಣ ತಿರುಪನ್ನು ಕೀಲಿಯಿಂದ ಕಾಲು ಸುತ್ತು ತಿರುಗಿಸಿ, ಕೆಳಗೆ ಬಟ್ಟೆ ಹಿಡಿದುಕೊಂಡರೆ ಸುಯ್ಯೆಂದು ಗಾಳಿ ಹೋಗಿ ನೀರು ಜಿನುಗುತ್ತದೆ, ಆಗ ಮುಚ್ಚಬೇಕು. ಬಾಗಿಲುಗಳ ಕೆಳಗಿನ ಸಂದುಗಳಿಂದ ನುಗ್ಗುವ ಗಾಳಿಗೆ ಅವ್ವ ತಾನೇ ಉಪಾಯ ಹುಡುಕಿದಳು. ಹಳೆಯ ಸೀರೆಯ ತುಂಡುಗಳನ್ನು ಕೌದಿಯಂತೆ ಹೊಲಿದು ಉದ್ದನೆಯ ಚೀಲ ಮಾಡಿ, ಒಳಗೆ ಹರಿದ ಬಟ್ಟೆ ತುಂಬಿ, ಪ್ರತಿ ಬಾಗಿಲಿಗೂ ಒಂದೊಂದನ್ನು ಇಟ್ಟಳು.

ಹೆಪ್ಪು ಹಾಕಿದ ಹಾಲು ಮೊದಲ ವಾರ ಹಾಲಾಗಿಯೇ ಉಳಿಯುತ್ತಿತ್ತು. ಮಹಡಿಯಲ್ಲಿ ಬಿಸಿನೀರಿನ ದೊಡ್ಡ ಹಂಡೆ ಇರುವ ಕಪಾಟೊಂದಿದೆ. ಇಲ್ಲಿನವರು ಅದರಲ್ಲಿ ಒಗೆದ ಟವಲುಗಳನ್ನು ಮಡಚಿ ಬೆಚ್ಚಗಿಡುತ್ತಾರೆ. ಅವ್ವ ಅಲ್ಲಿಗೆ ಮೊಸರಿನ ಗಡಿಗೆಯನ್ನೂ ದೋಸೆ ಹಿಟ್ಟನ್ನೂ ಸೇರಿಸಿದ ಮೇಲೆ ಎರಡೂ ಊರಿನಂತೆಯೇ ಬಂದವು. ಒಗ್ಗರಣೆಯ ಹೊಗೆಗೆ ಎಚ್ಚರಿಕೆಯ ಗಂಟೆ ಕಿರುಚಿ ಅಪ್ಪ ಎರಡು ಸಲ ಅಂಗಳಕ್ಕೆ ಓಡಿದ ಮೇಲೆ, ಅಡುಗೆಮನೆಯಲ್ಲಿ ಹಿಂದಿನವರು ಹಾಕಿಸಿದ್ದ ಹೊಗೆಯ ಗಂಟೆಯನ್ನು ತೆಗೆದು ಬಿಸಿಗೆ ಮಾತ್ರ ಕೂಗುವ ಗಂಟೆ ಹಾಕಿಸಿದೆವು. ಅಡುಗೆಮನೆಗೆ ತಕ್ಕದ್ದು ಅದೇ, ಹೊಗೆಯದು ನಡುಮನೆಯಲ್ಲಿರಬೇಕು. ಬಾಯ್ಲರ್ ಇರುವ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಪತ್ತೆಮಾಡುವ ಗಂಟೆಯೂ ಇರಲೇಬೇಕು, ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇವೆಲ್ಲಕ್ಕಿಂತ ನನ್ನನ್ನು ಕಂಗೆಡಿಸಿದ್ದು ತೇವ. ನವೆಂಬರ್ ನಡುವಿನ ಹೊತ್ತಿಗೆ ನಾವು ಮಲಗತೊಡಗಿದ್ದ ಉತ್ತರದ ಕೋಣೆಯಲ್ಲಿ, ಬಟ್ಟೆಯ ಅಲಮಾರಿನ ಹಿಂದೆ ಗೋಡೆಯ ಮೇಲೆ ಕಪ್ಪು ಬೂಷ್ಟು ಕಾಣಿಸಿತು. ಅದರ ಕೆಳಗಿನ ಅಂತಸ್ತಿನಲ್ಲಿ, ಹಿತ್ತಲ ಗೋಡೆಯ ಒಳಮೈಯಲ್ಲಿ, ನೆಲದಿಂದ ಎರಡಡಿ ಎತ್ತರದವರೆಗೆ ಗಿಲಾವು ಹಸಿಯಾಗಿ ಪುಡಿ ಉದುರುತ್ತಿತ್ತು. ಕರೆಸಿದ ತಜ್ಞರೊಬ್ಬರು ಗೋಡೆಗೆ ಎರಡು ಮೊಳೆಗಳ ಸಣ್ಣ ಯಂತ್ರವೊಂದನ್ನು ಒತ್ತಿ ನೋಡಿ, ಗೋಡೆಯ ಬುಡದುದ್ದಕ್ಕೂ ರಂಧ್ರ ಕೊರೆದು ರಾಸಾಯನಿಕ ತುಂಬಬೇಕೆಂದು ದೊಡ್ಡ ಮೊತ್ತ ಹೇಳಿಹೋದರು. ನಾವು ಒಪ್ಪುವುದರಲ್ಲಿದ್ದೆವು.

ಅಪ್ಪ ಮಾತ್ರ ಮಫ್ಲರ್ ಸುತ್ತಿಕೊಂಡು ಹಿತ್ತಲಿಗೆ ಹೋಗಿ ಅರ್ಧ ಗಂಟೆ ಗೋಡೆಯ ಮುಂದೆ ನಿಂತರು. ಗದಗಿನ ಬಳಿಯ ಹಳ್ಳಿಯಲ್ಲಿ ನಮ್ಮ ಅಜ್ಜನ ಮನೆ ಗಚ್ಚಿನದು. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ, ಉಸುಕು ಅರೆದು ಗೌಂಡಿಗಳು ಗೋಡೆ ದುರಸ್ತಿ ಮಾಡುವುದನ್ನು ಅವರು ಹುಡುಗರಾಗಿ ನೋಡಿದವರು. ಇಟ್ಟಿಗೆಗಳ ನಡುವಿನ ಸಂದಿಗೆ ಉಗುರು ಒತ್ತಿ ನನ್ನನ್ನು ಕರೆದರು. ಮೇಲೆ ಕೈಗೆ ನಿಲುಕುವ ಎತ್ತರದಲ್ಲಿ ಸಂದಿನ ಗಾರೆ ಬಿಳುಪಾಗಿ, ಮೆದುವಾಗಿ ಪುಡಿಯಾಯಿತು. ಕೆಳಗಿನ ನಾಲ್ಕಡಿಯಲ್ಲಿ ಅದು ಬೂದು ಬಣ್ಣದ ಕಲ್ಲಿನಂಥ ಸಿಮೆಂಟು, ಅದರ ನಡುವೆ ಇಟ್ಟಿಗೆಗಳ ಮುಖ ಪದರುಪದರಾಗಿ ಕಿತ್ತುಬಂದಿತ್ತು. "ಸಿಮೆಂಟ್ ಮೆತ್ತಿ ಗ್ವಾಡಿ ಉಸಿರು ಕಟ್ಟ್ಯಾರ ನೋಡವ್ವಾ" ಎಂದರು.

ಅವರ ಮಾತು ಅಕ್ಷರಶಃ ಸರಿ ಎಂಬುದು ಹಳೆಯ ಕಟ್ಟಡಗಳ ಕೆಲಸ ಮಾಡುವ ಇನ್ನೊಬ್ಬ ಗೌಂಡಿಯನ್ನು ಕರೆಸಿದಾಗ ಖಚಿತವಾಯಿತು. ನಡುವೆ ಪೊಳ್ಳು ಬಿಟ್ಟು ಎರಡು ಪದರದಲ್ಲಿ ಗೋಡೆ ಕಟ್ಟುವ ಪದ್ಧತಿ ಇಲ್ಲಿ ಸಾಮಾನ್ಯವಾದದ್ದು 1920ರ ದಶಕದ ನಂತರ. ನಮ್ಮದು ಒಂಬತ್ತು ಇಂಚಿನ ಗಟ್ಟಿ ಗೋಡೆ. ಮಳೆಯ ನೀರನ್ನು ಅದು ಸ್ವಲ್ಪ ಹೀರುತ್ತದೆ, ಬಿಸಿಲು ಗಾಳಿ ಬಂದಾಗ ಮೆದುವಾದ ಸುಣ್ಣದ ಸಂದುಗಳ ಮೂಲಕ ಹೊರಗೆ ಬಿಡುತ್ತದೆ. ಸಂದಿಗೆ ಸಿಮೆಂಟು ತುಂಬಿದರೆ ನೀರಿಗೆ ಆ ದಾರಿ ಮುಚ್ಚುತ್ತದೆ. ಅದು ಇಟ್ಟಿಗೆಯೊಳಗೇ ಉಳಿದು, ಹಿಮ ಬಿದ್ದಾಗ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವನ್ನೇ ಒಡೆಯುತ್ತದೆ. ಜೊತೆಗೆ ಹಿತ್ತಲಿನ ನೆಲಕ್ಕೆ ಹಿಂದಿನವರು ಕಾಂಕ್ರೀಟು ಹಾಕಿ ಎತ್ತರಿಸಿದ್ದರಿಂದ, ಗೋಡೆಯ ಬುಡದಲ್ಲಿ ತೇವ ಮೇಲೇರದಂತೆ ಕಟ್ಟಿದವರು ಇಟ್ಟಿದ್ದ ಕಲ್ಲುಹಲಗೆಯ ಪದರ ಅದರಡಿ ಮುಚ್ಚಿಹೋಗಿತ್ತು. ರಾಸಾಯನಿಕ ತುಂಬಿದ್ದರೆ ಈ ಎರಡು ಕಾರಣಗಳಲ್ಲಿ ಯಾವುದೂ ಹೋಗುತ್ತಿರಲಿಲ್ಲ.

ಮೇಲಿನ ಕೋಣೆಯ ಬೂಷ್ಟಿಗೆ ಕಾರಣ ಬೇರೆ, ಅದು ನಾವೇ. ಇಬ್ಬರಿದ್ದ ಮನೆಯಲ್ಲಿ ನಾಲ್ವರು ಉಸಿರಾಡುತ್ತಿದ್ದೆವು, ದಿನಕ್ಕೆರಡು ಸಲ ಅನ್ನ, ಬೇಳೆ ಬೇಯುತ್ತಿತ್ತು, ಒದ್ದೆ ಬಟ್ಟೆಗಳನ್ನು ರೇಡಿಯೇಟರಿನ ಮೇಲೆ ಹರವುತ್ತಿದ್ದೆವು. ಆ ಆವಿಯೆಲ್ಲ ಮನೆಯ ಅತ್ಯಂತ ತಣ್ಣನೆಯ ಗೋಡೆಗೆ ಹೋಗಿ ನೀರಾಗುತ್ತಿತ್ತು. ತೇವಾಂಶ ತೋರಿಸುವ ಸಣ್ಣ ಮಾಪಕ ತಂದಿಟ್ಟಾಗ ಅದು ಶೇಕಡಾ 78 ತೋರಿಸಿತು. ಇರಬೇಕಾದದ್ದು 40ರಿಂದ 60. ಬಟ್ಟೆಗಳನ್ನು ಬಚ್ಚಲಿನಲ್ಲಿ ಹಾಕಿ, ಬಾಗಿಲು ಮುಚ್ಚಿ, ಹೊರಗೆ ಗಾಳಿ ತಳ್ಳುವ ಫ್ಯಾನ್ ಓಡಿಸತೊಡಗಿದೆವು. ಪಾತ್ರೆಗಳಿಗೆ ಮುಚ್ಚಳ ಬಂತು. ಅಲಮಾರನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದೆವು. ಬೆಳಿಗ್ಗೆ ಹತ್ತು ನಿಮಿಷ ಎದುರುಬದುರು ಕಿಟಕಿಗಳನ್ನು ತೆರೆಯಲು ಅಪ್ಪ ತಾವೇ ಹೊಣೆ ಹೊತ್ತರು, ಚಳಿಗೆ ಹೆದರದೆ. ಮೂರು ವಾರಗಳಲ್ಲಿ ಮಾಪಕ 60ಕ್ಕೆ ಇಳಿಯಿತು.

ಗೋಡೆಯ ಕೆಲಸವನ್ನು ಕೂಡಲೇ ಶುರುಮಾಡಬೇಕೆಂದು ಅಪ್ಪನಿಗೆ ಆತುರವಿತ್ತು. ಆದರೆ ಸುಣ್ಣದ ಗಾರೆ 5 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಕೂಡಿಕೊಳ್ಳುವುದಿಲ್ಲ, ಹಿಮ ತಾಗಿದರೆ ಪುಡಿಯಾಗುತ್ತದೆ, ವಸಂತದವರೆಗೆ ಕಾಯಲೇಬೇಕೆಂದು ಗೌಂಡಿ ಹೇಳಿದರು. ಫೆಬ್ರವರಿಯಲ್ಲಿ ಅಪ್ಪ, ಅವ್ವ ಊರಿಗೆ ಮರಳಿದರು. ಹೊರಡುವ ಹಿಂದಿನ ದಿನ ಅಪ್ಪ ಸೀಮೆಸುಣ್ಣದಿಂದ ಗೋಡೆಯ ಮೇಲೆ ಸಿಮೆಂಟು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಗೆರೆ ಎಳೆದು ಹೋದರು. ಮಳೆಗೆ ಅದು ಅಳಿಸಿತು, ಆದರೆ ನಾನು ಮೊದಲೇ ಫೋಟೊ ತೆಗೆದಿಟ್ಟಿದ್ದೆ.

ಏಪ್ರಿಲ್ ಕೊನೆಯಲ್ಲಿ ಕೆಲಸ ಆರಂಭವಾಯಿತು. ಹಳೆಯ ಸಿಮೆಂಟನ್ನು ಯಂತ್ರದಿಂದ ಕೊಯ್ದರೆ ಇಟ್ಟಿಗೆಯ ಅಂಚು ಹಾಳಾಗುತ್ತದೆಂದು ಗೌಂಡಿ ಉಳಿ, ಸುತ್ತಿಗೆಯಿಂದಲೇ ಒಂದು ಇಂಚು ಆಳಕ್ಕೆ ಕಿತ್ತು ತೆಗೆದರು. ಸಂದುಗಳಿಗೆ ನೀರು ಚಿಮುಕಿಸಿ, ಸುಣ್ಣ ಮತ್ತು ದಪ್ಪ ಉಸುಕಿನ ಗಾರೆಯನ್ನು ಒತ್ತಿ ತುಂಬಿದರು. ಹಿತ್ತಲ ಕಾಂಕ್ರೀಟನ್ನು ಗೋಡೆಯುದ್ದಕ್ಕೂ ಒಂದಡಿ ಅಗಲ ಒಡೆದು, ಆ ಕಲ್ಲುಹಲಗೆಯ ಪದರ ಕಾಣುವವರೆಗೆ ಅಗೆದು ಜಲ್ಲಿ ಕಡಿ ತುಂಬಿದರು. ಹಸಿ ಗಾರೆ ಬೇಗ ಒಣಗಿ ಬಿರಿಯದಂತೆ ಗೋಡೆಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟಾಗ ನಾನು ಅಪ್ಪನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. ಅವರು ಅವ್ವನನ್ನು ಕರೆದು ತೋರಿಸಿದರು, ಆಮೇಲೆ ಫೋನನ್ನು ಗೋಡೆಯ ಹತ್ತಿರ ಹಿಡಿಯಲು ಹೇಳಿದರು, ಇನ್ನೂ ಹತ್ತಿರ. ತಟ್ಟಿನ ಕೆಳ ಅಂಚು ಒಣಗಿತ್ತು. ನೀರು ಹಾಕಿ ಬಾ, ಆಮೇಲೆ ಮಾತಾಡೋಣ ಎಂದು ಕರೆ ಮುಗಿಸಿದರು.