ಮತ ಹಾಕದೇ ಜಗತ್ತಿನ ಒಪ್ಪಂದ ಆಗುವುದು ಹೇಗೆ?

ವಿಶ್ವಸಂಸ್ಥೆಯ ಹವಾಮಾನ ಮಾತುಕತೆಯಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿಯಿಲ್ಲ. ಮತದಾನದ ನಿಯಮವನ್ನೇ ದೇಶಗಳು ಇವತ್ತಿಗೂ ಅಂಗೀಕರಿಸಿಲ್ಲ. ಎಲ್ಲರೂ ಒಪ್ಪಬೇಕು, ಕನಿಷ್ಠ ಯಾರೂ ಅಡ್ಡ ನಿಲ್ಲಬಾರದು. 2015ರ ಪ್ಯಾರಿಸ್ ಒಪ್ಪಂದವನ್ನೇ ನೋಡೋಣ.

ಮೊದಲು ಗಡುವು. 2011ರಲ್ಲಿ ಡರ್ಬನ್‌ನಲ್ಲಿ ಸೇರಿದ ದೇಶಗಳು 2015ಕ್ಕೆ ಹೊಸ ಒಪ್ಪಂದ ಮುಗಿಸಬೇಕೆಂದು ತೀರ್ಮಾನಿಸಿದವು.

ಆಮೇಲೆ ಪ್ರತಿ ದೇಶವೂ ತನ್ನ ಕೈಲಾಗುವುದನ್ನು ಲೆಕ್ಕ ಹಾಕಿ ಮುಂಚೆಯೇ ಬರೆದು ಕಳಿಸಬೇಕು. 2030ರ ಹೊತ್ತಿಗೆ ಜಿಡಿಪಿಯ ಪ್ರತಿ ರೂಪಾಯಿಗೆ ಹೊಮ್ಮುವ, ಭೂಮಿಯನ್ನು ಬಿಸಿ ಮಾಡುವ ಅನಿಲವನ್ನು 2005ರ ಮಟ್ಟಕ್ಕಿಂತ ಶೇ 33ರಿಂದ 35ರಷ್ಟು ಇಳಿಸುತ್ತೇವೆ ಎಂದಿತು ಭಾರತ. ಗಮನಿಸಿ, ಒಟ್ಟು ಹೊಗೆ ಇಳಿಸುತ್ತೇವೆ ಎಂದಲ್ಲ.

ನಿಜವಾದ ಜಗ್ಗಾಟ ಇರುವುದು ಕರಡಿನಲ್ಲಿ. ತಕರಾರಿರುವ ಪದಗಳನ್ನೆಲ್ಲ ಚೌಕ ಆವರಣದೊಳಗೆ ಇಡುತ್ತಾರೆ. ಎಲ್ಲರೂ ತಮ್ಮ ತಮ್ಮ ಸಾಲು ಸೇರಿಸಿ 2015ರ ಫೆಬ್ರುವರಿಯಲ್ಲಿ ಜಿನೀವಾದ ಕರಡು 86 ಪುಟಕ್ಕೆ ಬೆಳೆದಿತ್ತು. ಆ ಆವರಣಗಳನ್ನು ಒಂದೊಂದಾಗಿ ಅಳಿಸುವುದೇ ಮಾತುಕತೆ. ಸುಮ್ನೆ ಯಾರೂ ಬಿಟ್ಟುಕೊಡುವುದಿಲ್ಲ. ಇಲ್ಲಿ ಒಂದು ಬಿಟ್ಟರೆ ಅಲ್ಲಿ ಒಂದು ಕೇಳುತ್ತಾರೆ. ಒಂಟಿ ದೇಶದ ಮಾತು ನಡೆಯುವುದು ಕಷ್ಟ, ಹಾಗಾಗಿ ಗುಂಪು ಕಟ್ಟುತ್ತಾರೆ. ಭಾರತ ಇರುವುದು ಅಭಿವೃದ್ಧಿಶೀಲ ದೇಶಗಳ 'ಜಿ-77 ಮತ್ತು ಚೀನಾ' ಗುಂಪಿನಲ್ಲಿ. ಸಣ್ಣ ದ್ವೀಪ ದೇಶಗಳು ಒಟ್ಟಾಗಿ ಪಟ್ಟು ಹಿಡಿದದ್ದರಿಂದಲೇ ಭೂಮಿಯ ತಾಪ ಏರಿಕೆಯನ್ನು 1.5 ಡಿಗ್ರಿಗೆ ತಡೆಯಲು ಯತ್ನಿಸುವ ಗುರಿ ಒಪ್ಪಂದದೊಳಗೆ ಬಂತು. ಅಧಿಕಾರಿಗಳಿಂದ ಬಗೆಹರಿಯದ್ದು ಕೊನೆಯ ವಾರ ಮಂತ್ರಿಗಳ ಮುಂದೆ ಹೋಗುತ್ತದೆ.

ಡಿಸೆಂಬರ್ 12ರಂದು ಅಂತಿಮ ಕರಡು ಬಂದಾಗ ಅಮೆರಿಕ ಬೆಚ್ಚಿತು. ಶ್ರೀಮಂತ ದೇಶಗಳು ಅನಿಲ ಕಡಿತದ ಗುರಿಯನ್ನು 'ಇಟ್ಟುಕೊಳ್ಳತಕ್ಕದ್ದು' ಎಂಬ ಧಾಟಿಯಲ್ಲಿ 4ನೇ ವಿಧಿ ಇತ್ತು. ಅದು ಕಾನೂನಿನ ಕಟ್ಟುಪಾಡಾದರೆ ಸೆನೆಟ್ ಒಪ್ಪಿಗೆ ಬೇಕಾಗುತ್ತಿತ್ತು, ಅಲ್ಲಿ ಅದು ಸಿಗುವ ಮಾತೇ ಇರಲಿಲ್ಲ. ಕೊನೆಗೆ ಅದನ್ನು 'ಇಟ್ಟುಕೊಂಡರೆ ಒಳ್ಳೆಯದು' ಎಂಬಷ್ಟಕ್ಕೆ ಸಡಿಲಿಸಿ, ತಾಂತ್ರಿಕ ತಿದ್ದುಪಡಿ ಎಂದು ವೇದಿಕೆಯಿಂದ ಓದಿ ಮುಗಿಸಿದರು! ಹಿಂದೆಯೇ ಸಮ್ಮೇಳನದ ಅಧ್ಯಕ್ಷ, ಫ್ರಾನ್ಸ್‌ನ ವಿದೇಶಾಂಗ ಮಂತ್ರಿ ಲೊರಾನ್ ಫ್ಯಾಬಿಯಸ್ ಸುತ್ತಿಗೆ ಕುಟ್ಟಿದರು. ತಕರಾರಿದ್ದ ನಿಕರಾಗುವಾಕ್ಕೆ ಮಾತಾಡಲು ಸಿಕ್ಕಿದ್ದು ಆ ಮೇಲೆ. ಸರ್ವಾನುಮತ ಅಂದರೆ ಇಷ್ಟೇ: ಯಾವಾಗ ಕುಟ್ಟಬೇಕು ಎಂದು ಅಧ್ಯಕ್ಷರಿಗೆ ಗೊತ್ತಿರಬೇಕು.

ಅಷ್ಟಕ್ಕೇ ಜಾರಿಯಾಗಲಿಲ್ಲ. ಕನಿಷ್ಠ 55 ದೇಶಗಳು ತಮ್ಮ ತಮ್ಮಲ್ಲಿ ಅನುಮೋದಿಸಬೇಕಿತ್ತು, ಜಗತ್ತಿನ ಅನಿಲದಲ್ಲಿ ಅವುಗಳ ಪಾಲು ಶೇ 55 ಆದರೂ ಇರಬೇಕಿತ್ತು. ಭಾರತ 2016ರ ಗಾಂಧಿ ಜಯಂತಿಯಂದು ಅನುಮೋದನೆ ಸಲ್ಲಿಸಿತು. ನವೆಂಬರ್ 4ರಂದು ಒಪ್ಪಂದ ಜಾರಿಗೆ ಬಂತು. ಕೊಟ್ಟ ಮಾತು ತಪ್ಪಿದವರಿಗೆ ದಂಡವಿಲ್ಲ. ಐದು ವರ್ಷಕ್ಕೊಮ್ಮೆ ಹೊಸ ಗುರಿ ಕೊಡಬೇಕು, ಅದು ಹಿಂದಿನದಕ್ಕಿಂತ ಜಾಸ್ತಿ ಇರಬೇಕು.